ಹೊಸ ತುಕಡಿ ಕೊಳ್ಳುವ ಮುನ್ನ, ಕೊಂಡ ಮೇಲೆ: ಕಿರುಗೊಂಬೆ ಯುದ್ಧದಾಟದ ಪಡೆಯನ್ನು ಬೆಳೆಸುವ ಬಗೆ

ಕಿರುಗೊಂಬೆ ಯುದ್ಧದಾಟ ಎಂದರೆ ಪುಟ್ಟ ಬೊಂಬೆಗಳ ಪಡೆಗಳನ್ನು ಮೇಜಿನ ಮೇಲೆ ಸರಿಸಿ, ದಾಳ ಉರುಳಿಸಿ ಕಾದಾಡಿಸುವ ಆಟ. ಮೂಲ ಪೆಟ್ಟಿಗೆಯಲ್ಲಿ ಬಂದ ಎರಡು ಪುಟ್ಟ ಪಡೆಗಳನ್ನು ಜೋಡಿಸಿ, ನಾಲ್ಕಾರು ಸಲ ಆಡಿ, ನಿಯಮಗಳು ಕೈಗೆ ಹತ್ತಿದ ಮೇಲೆ ಮುಂಬಯಿ, ಪುಣೆ, ಗೋವೆಗಳ ಓದುಗರು ಕೇಳುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ ಆಗಿರುತ್ತದೆ: ‘ಇನ್ನು ಯಾವ ಪೆಟ್ಟಿಗೆ ಕೊಳ್ಳಬೇಕು?’ ಒಬ್ಬೊಬ್ಬರಿಗೂ ಬೇರೆ ಬೇರೆಯಾಗಿ ಉತ್ತರಿಸುವ ಬದಲು ಆರಿಸುವುದರಿಂದ ಹಿಡಿದು ಬಣ್ಣ ಬಳಿದು ಮೇಜಿನ ಮೇಲೆ ಇಡುವವರೆಗಿನ ಕ್ರಮವನ್ನು ಇಲ್ಲಿ ಹಂತ ಹಂತವಾಗಿ ಬರೆದಿದ್ದೇನೆ. ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಹೊಸ ತುಕಡಿಯನ್ನು ಪೆಟ್ಟಿಗೆಯ ಮೇಲಿನ ಚಿತ್ರ ನೋಡಿ ಆರಿಸಬಾರದು. ಅದೇ ಅಳತೆಯ ರಟ್ಟಿನ ತುಂಡನ್ನು ಮೇಜಿನ ಮೇಲೆ ಆಡಿಸಿ ನೋಡಿದ ಮೇಲೆಯೇ ಆರಿಸಬೇಕು. ವಿದೇಶದಿಂದ ಬರುವ, ಸುಂಕ ಬೀಳುವ, ಹಿಂದಿರುಗಿಸಲು ಸುಲಭವಲ್ಲದ ವಸ್ತುವಿಗೆ ಈ ಎಚ್ಚರ ಅಗತ್ಯ.

ಮೊದಲು ಕೆಲವು ಮಾತುಗಳ ಅರ್ಥ. ‘ಯೂನಿಟ್ ಎಕ್ಸ್‌ಪಾನ್ಷನ್’ ಎಂದರೆ ಮೂಲ ಪೆಟ್ಟಿಗೆಯ ಪಡೆಗೆ ಸೇರಿಸಲು ಪ್ರತ್ಯೇಕವಾಗಿ ಮಾರುವ ಒಂದು ತುಕಡಿ: ಈಟಿಗಾರರು, ಬಿಲ್ಲುಗಾರರು, ಸವಾರರು ಅಥವಾ ಒಂದೇ ಒಂದು ದೈತ್ಯ. ‘ಬೇಸ್’ ಎಂದರೆ ಪ್ರತಿ ಬೊಂಬೆಯ ಕಾಲಡಿಯ ಪೀಠ. ‘ಮೂವ್‌ಮೆಂಟ್ ಟ್ರೇ’ ಎಂದರೆ ತುಕಡಿಯನ್ನು ಒಟ್ಟಿಗೆ ಸರಿಸಲು ಬಳಸುವ ತಟ್ಟೆ. ‘ಪಾಯಿಂಟ್’ ಎಂದರೆ ತುಕಡಿಯ ಬಲಕ್ಕೆ ಆಟ ಕಟ್ಟಿದ ಬೆಲೆ. ಇಬ್ಬರು ಆಟಗಾರರೂ ಸಮಾನ ಪಾಯಿಂಟ್‌ಗಳ ಪಡೆಯನ್ನು ಕಟ್ಟುತ್ತಾರೆ. ಈ ಬೆಲೆಗೂ ಅಂಗಡಿಯ ಬೆಲೆಗೂ ಸಂಬಂಧವಿಲ್ಲ ಎಂಬುದನ್ನು ಹೊಸಬರು ಮರೆಯುತ್ತಾರೆ. ದುಬಾರಿ ಪೆಟ್ಟಿಗೆ ಬಲಿಷ್ಠವಾಗಿರಲೇಬೇಕೆಂದೇನಿಲ್ಲ.

ಬೇಕಾಗುವ ಸಾಮಗ್ರಿ ಹೆಚ್ಚೇನಿಲ್ಲ. ನಿಪ್ಪರ್ ಎಂಬ ಕತ್ತರಿಸುವ ಇಕ್ಕಳ, ಚೂಪಾದ ಹಾಬಿ ಚಾಕು, ಸಣ್ಣ ಅರಗಳ ಒಂದು ಕಟ್ಟು, ಬೊಂಬೆಯ ವಸ್ತುವಿಗೆ ತಕ್ಕ ಅಂಟು, ಬಣ್ಣ ಹಿಡಿಯಲು ಮೊದಲು ಬಳಿಯುವ ಅಡಿಪದರವಾದ ಪ್ರೈಮರ್, ಎರಡು ಮೂರು ಒಳ್ಳೆಯ ಕುಂಚಗಳು, ಅಕ್ರಿಲಿಕ್ ಬಣ್ಣ, ಹೊಳಪಿಲ್ಲದ ಮ್ಯಾಟ್ ವಾರ್ನಿಷ್. ಉಪಕರಣಗಳನ್ನು ಹೊರದೇಶದಿಂದ ತರಿಸುವ ಅಗತ್ಯವಿಲ್ಲ. ಮುಂಬಯಿಯವರಿಗೆ ಕ್ರಾಫರ್ಡ್ ಮಾರ್ಕೆಟ್ ಬಳಿಯ ನಾಗದೇವಿ ಸ್ಟ್ರೀಟ್, ಪುಣೆಯವರಿಗೆ ರವಿವಾರ ಪೇಠೆಯ ಬೋಹ್ರಿ ಆಳಿ, ಗೋವೆಯವರಿಗೆ ಮಾಪ್ಸಾ ಅಥವಾ ಮಡಗಾಂವಿನ ಹಾರ್ಡ್‌ವೇರ್ ಅಂಗಡಿಗಳು ಸಾಕು. ಕುಂಚದಲ್ಲಿ ಮಾತ್ರ ಕಾಸು ಉಳಿಸಲು ಹೋಗಬೇಡಿ.

ಹಂತ 1: ಯಾವ ಆಟ, ಯಾವ ಆವೃತ್ತಿ, ಯಾವ ಬೇಸ್

ಪೆಟ್ಟಿಗೆಗಳ ಹೆಸರು ಒಂದನ್ನೊಂದು ಹೋಲುವುದರಿಂದ ತಪ್ಪು ಕೊಳ್ಳುವಿಕೆ ಹೆಚ್ಚಾಗಿ ಇಲ್ಲೇ ನಡೆಯುತ್ತದೆ. ವಾರ್‌ಹ್ಯಾಮರ್ ಎಂಬ ಹೆಸರಿನ ಆಟಗಳ ಕುಟುಂಬವನ್ನೇ ನೋಡಿ. 1983ರಲ್ಲಿ ಆರಂಭವಾದ ವಾರ್‌ಹ್ಯಾಮರ್ ಫ್ಯಾಂಟಸಿ ಬ್ಯಾಟಲ್ ನಿಂತ ಮೇಲೆ 2015ರಲ್ಲಿ ಏಜ್ ಆಫ್ ಸಿಗ್ಮಾರ್ ಬಂದಿತು. ಅದರಲ್ಲಿ ಬೇಸ್‌ಗಳು ದುಂಡಗಿರುತ್ತವೆ ಮತ್ತು ಬೊಂಬೆಗಳು ಸಡಿಲ ಗುಂಪಾಗಿ ಚಲಿಸುತ್ತವೆ. 2024ರಲ್ಲಿ ಬಂದ ದಿ ಓಲ್ಡ್ ವರ್ಲ್ಡ್ ಮತ್ತೆ ಚೌಕ ಬೇಸ್ ಹಾಗೂ ಸಾಲುಗಟ್ಟಿದ ತುಕಡಿಗಳಿಗೆ ಮರಳಿತು. ಇಲ್ಲಿ ಮನುಷ್ಯ ಕಾಲಾಳಿನ ಬೇಸ್ 25 ಮಿ.ಮೀ., ಓರ್ಕ್ ಎಂಬ ಕಾಲ್ಪನಿಕ ರಾಕ್ಷಸರದ್ದು 30 ಮಿ.ಮೀ., ಕುದುರೆ ಸವಾರರದ್ದು 30×60 ಮಿ.ಮೀ. ಆದರೆ ಹಳೆಯ ಫ್ಯಾಂಟಸಿ ಬ್ಯಾಟಲ್‌ನಲ್ಲಿ ಮನುಷ್ಯ ಕಾಲಾಳಿನ ಬೇಸ್ 20 ಮಿ.ಮೀ. ಇತ್ತು. ಹಾಗಾಗಿ ಯಾರೋ ಮಾರಿದ ಹಳೆಯ ಈಟಿಗಾರರನ್ನು ತಂದು ಹೊಸ ಆಟಕ್ಕೆ ಇಟ್ಟರೆ ಐದು ಜನರ ಸಾಲು 125 ಮಿ.ಮೀ. ಇರಬೇಕಾದಲ್ಲಿ 100 ಮಿ.ಮೀ. ಆಗುತ್ತದೆ. ಇದು ಎದುರಾಳಿಗೆ ಆಕ್ಷೇಪಿಸಲು ನ್ಯಾಯವಾದ ಕಾರಣ, ಏಕೆಂದರೆ ಸಾಲಿನ ಅಗಲದ ಮೇಲೆಯೇ ಎಷ್ಟು ಜನ ಎಷ್ಟು ಜನರಿಗೆ ತಾಗಬಹುದೆಂಬುದು ನಿಂತಿದೆ. ಹಳೆಯ ಬೊಂಬೆಗಳ ನಡುವೆ ಅಂತರ ಬಿಡುವ ಗುಳಿಗಳಿರುವ ಟ್ರೇ ಬಳಸಿದರೆ ಸಮಸ್ಯೆ ತೀರುತ್ತದೆ. ಬೊಂಬೆಗಳನ್ನು ಕಿತ್ತು ಹೊಸ ಪೀಠಕ್ಕೆ ಅಂಟಿಸಬೇಕಿಲ್ಲ.

ಮ್ಯಾಂಟಿಕ್ ಸಂಸ್ಥೆಯ ಕಿಂಗ್ಸ್ ಆಫ್ ವಾರ್ ಈ ವಿಷಯದಲ್ಲಿ ಉದಾರಿ. ಅಲ್ಲಿ ಮುಖ್ಯವಾದುದು ತುಕಡಿಯ ಒಟ್ಟು ಅಳತೆ, 20 ಮಿ.ಮೀ. ಬೇಸ್‌ನ ಕಾಲಾಳುಗಳ ಇಪ್ಪತ್ತು ಜನರ ರೆಜಿಮೆಂಟ್ ಎಂದರೆ 100×80 ಮಿ.ಮೀ. ಬೊಂಬೆ ಯಾವ ಕಂಪನಿಯದ್ದಾದರೂ ನಡೆಯುತ್ತದೆ. ಅಲ್ಲದೆ ಅಲ್ಲಿ ಬೊಂಬೆಗಳನ್ನು ಒಂದೊಂದಾಗಿ ತೆಗೆಯುವುದಿಲ್ಲ, ಏಟುಗಳನ್ನು ಗುರುತುಬಿಲ್ಲೆಯಿಂದ ಎಣಿಸುತ್ತಾರೆ. ಆದ್ದರಿಂದ ಇಡೀ ತುಕಡಿಯನ್ನು ಒಂದೇ ಹಲಗೆಗೆ ಅಂಟಿಸಬಹುದು. ಓಲ್ಡ್ ವರ್ಲ್ಡ್‌ನಲ್ಲಿ ಸತ್ತವರನ್ನು ಹಿಂದಿನ ಸಾಲಿನಿಂದ ಒಬ್ಬೊಬ್ಬರಾಗಿ ತೆಗೆಯಬೇಕಾದ್ದರಿಂದ ಹಾಗೆ ಮಾಡಿದರೆ ಆಟ ಕಷ್ಟವಾಗುತ್ತದೆ.

ಫ್ಯಾಂಟಸಿ ಫ್ಲೈಟ್ ಸಂಸ್ಥೆ 2017ರಲ್ಲಿ ತಂದ ರೂನ್‌ವಾರ್ಸ್ ಮಿನಿಯೇಚರ್ಸ್ ಗೇಮ್ ಬಗ್ಗೆಯೂ ಕೇಳುವವರಿದ್ದಾರೆ. ಮೂಲ ಪೆಟ್ಟಿಗೆಯಲ್ಲಿ ಡಾಕನ್ ಒಡೆಯರು ಮತ್ತು ವೈಕರ್‌ನ ಮೃತಸೇನೆ ಸೇರಿ 48 ಬೊಂಬೆಗಳಿದ್ದವು. ಲತಾರಿ ಎಲ್ಫ್‌ಗಳು, ಉಥುಕ್ ಪಡೆ ಆಮೇಲೆ ಬಂದವು. ತುಕಡಿ ಪೆಟ್ಟಿಗೆಗಳ ವಿನ್ಯಾಸದಲ್ಲಿ ಇಷ್ಟು ಅಚ್ಚುಕಟ್ಟಾದ ಆಟ ಕಡಿಮೆ, ಏಕೆಂದರೆ ಒಂದಕ್ಕೊಂದು ಕಚ್ಚಿಕೊಳ್ಳುವ ಟ್ರೇಗಳಿಂದಾಗಿ ಪಡೆ ಬೆಳೆದಂತೆ ತುಕಡಿ ತಾನಾಗಿ ಹಿಗ್ಗುತ್ತದೆ. ಆದರೆ ಹೊಸ ಪೆಟ್ಟಿಗೆಗಳು ಬರುವುದು ನಿಂತು ವರ್ಷಗಳಾಗಿವೆ. ಬಳಸಿದ ಪೆಟ್ಟಿಗೆ ಕೊಳ್ಳುವವರು ಬೊಂಬೆಗಳಿಗಿಂತ ಮೊದಲು ಆಜ್ಞಾ ಡಯಲ್ ಹಾಗೂ ಕಾರ್ಡುಗಳು ಇವೆಯೇ ಎಂದು ಕೇಳಿ, ಚಿತ್ರ ತರಿಸಿಕೊಳ್ಳಬೇಕು. ಡಯಲ್ ಎಂದರೆ ಆ ಸುತ್ತಿನ ಆಜ್ಞೆಯನ್ನು ಗುಟ್ಟಾಗಿ ತಿರುಗಿಸಿಡುವ ಚಕ್ರ. ಅದಿಲ್ಲದೆ ತುಕಡಿ ಕದಲುವುದೇ ಇಲ್ಲ.

ಎಚ್ಚರಿಕೆ: ಪೆಟ್ಟಿಗೆಯೊಳಗಿನ ಕಾರ್ಡಿನಲ್ಲಿ ಅಚ್ಚಾದ ಪಾಯಿಂಟ್‌ಗಳು ಹಳೆಯ ಆವೃತ್ತಿಯದ್ದಾಗಿರಬಹುದು. ಪ್ರಕಾಶಕರ ಇತ್ತೀಚಿನ ತಿದ್ದುಪಡಿ ಪಟ್ಟಿಯನ್ನು ನೋಡಿಯೇ ಲೆಕ್ಕ ಹಾಕಿ.

ಹಂತ 2: ಪಡೆಯಲ್ಲಿ ಏನು ಕಡಿಮೆಯಿದೆ ಎಂದು ಗುರುತಿಸಿ

ಸೋತ ಆಟಗಳನ್ನು ನೆನಪಿಸಿಕೊಂಡು ಒಂದು ಹಾಳೆಯ ಮೇಲೆ ಬರೆಯಿರಿ: ಸೋತದ್ದು ಹೇಗೆ? ಎದುರಾಳಿಯ ಸವಾರರು ಪಾರ್ಶ್ವದಿಂದ ನುಗ್ಗಿದರೇ? ನಿಮ್ಮ ಸಾಲು ಹತ್ತಿರ ಹೋಗುವಷ್ಟರಲ್ಲಿ ಬಾಣಗಳಿಗೆ ಕರಗಿತೇ? ಎದುರಾಳಿಯ ದೈತ್ಯನಿಗೆ ಪೆಟ್ಟು ನಾಟುವವರೇ ಇರಲಿಲ್ಲವೇ? ಅಥವಾ ಮೇಜಿನ ಮೇಲಿನ ಗುರಿಸ್ಥಾನಗಳನ್ನು ಹಿಡಿದು ನಿಲ್ಲಲು ಜನ ಸಾಲಲಿಲ್ಲವೇ? ಈ ನಾಲ್ಕಕ್ಕೂ ಉತ್ತರ ಬೇರೆ ಬೇರೆ ಪೆಟ್ಟಿಗೆ.

ಆಟಗಾರರ ಮಾತಿನಲ್ಲಿ ‘ಆನ್ವಿಲ್’ ಎಂದರೆ ಎದುರಾಳಿಯನ್ನು ತಡೆದು ನಿಲ್ಲಿಸುವ ದಪ್ಪ ತುಕಡಿ, ‘ಹ್ಯಾಮರ್’ ಎಂದರೆ ಹಾಗೆ ಸಿಕ್ಕಿಬಿದ್ದವನನ್ನು ಬದಿಯಿಂದ ಹೊಡೆಯುವ ತುಕಡಿ, ‘ಸ್ಕ್ರೀನ್’ ಎಂದರೆ ಮುಂದೆ ನಿಂತು ಏಟು ತಿನ್ನುವ ಅಗ್ಗದ ತುಕಡಿ. ಮೂಲ ಪೆಟ್ಟಿಗೆಯ ಪಡೆಯಲ್ಲಿ ಸಾಮಾನ್ಯವಾಗಿ ಮೂರೂ ಸ್ವಲ್ಪ ಸ್ವಲ್ಪ ಇದ್ದು, ಯಾವುದೂ ಸಾಕಷ್ಟಿರುವುದಿಲ್ಲ. ಆದ್ದರಿಂದ ನನ್ನ ಸಲಹೆ ಏನೆಂದರೆ, ಮೊದಲ ಪೆಟ್ಟಿಗೆ ನಿಮ್ಮಲ್ಲಿ ಈಗಾಗಲೇ ಇರುವ ಕಾಲಾಳುಗಳದ್ದೇ ಆಗಿರಲಿ. ಹತ್ತು ಈಟಿಗಾರರು ಇಪ್ಪತ್ತಾದಾಗ ಬರುವ ಲಾಭ, ಹೊಸ ಜಾತಿಯ ಹತ್ತು ಮಂದಿ ಬಂದಾಗ ಬರುವುದಿಲ್ಲ. ಹಿಂದಿನ ಸಾಲುಗಳು ಹೋರಾಟದ ಫಲಿತಾಂಶಕ್ಕೆ ಅಂಕ ಸೇರಿಸುತ್ತವೆ, ಮುಂದಿನವರು ಬಿದ್ದರೆ ಜಾಗ ತುಂಬುತ್ತವೆ, ತುಕಡಿ ಬೇಗ ಓಡಿಹೋಗದಂತೆ ಹಿಡಿದಿಡುತ್ತವೆ. ನೋಡಲು ಇದು ನೀರಸ ಖರೀದಿ ಎಂಬುದನ್ನು ಒಪ್ಪುತ್ತೇನೆ. ಆದರೂ ಡ್ರ್ಯಾಗನ್ ಎರಡನೆಯ ಅಥವಾ ಮೂರನೆಯ ಪೆಟ್ಟಿಗೆಯಾಗಿ ಬರಲಿ.

ನಿಯಮಗಳೂ ಇದನ್ನೇ ಬಯಸುತ್ತವೆ. ಓಲ್ಡ್ ವರ್ಲ್ಡ್‌ನ ಸಾಮಾನ್ಯ ಪಡೆಪಟ್ಟಿಯಲ್ಲಿ ಒಟ್ಟು ಪಾಯಿಂಟ್‌ಗಳ ಕನಿಷ್ಠ ಶೇ. 25 ‘ಕೋರ್’ ಎಂಬ ಸಾಮಾನ್ಯ ತುಕಡಿಗಳಿಗೆ ಹೋಗಬೇಕು, ನಾಯಕರಿಗೆ ಶೇ. 50, ‘ರೇರ್’ ಎಂಬ ಅಪರೂಪದವಕ್ಕೆ ಶೇ. 25 ಗರಿಷ್ಠ ಮಿತಿ. ಕಿಂಗ್ಸ್ ಆಫ್ ವಾರ್‌ನ 2019ರ ಮೂರನೆಯ ಆವೃತ್ತಿಯಲ್ಲಿ ಒಂದು ರೆಜಿಮೆಂಟ್ ಇದ್ದರೆ ಎರಡು ಚಿಕ್ಕ ಟ್ರೂಪ್‌ಗಳಿಗೂ, ನಾಯಕ, ದೈತ್ಯ, ಯುದ್ಧಯಂತ್ರಗಳಲ್ಲಿ ಯಾವುದಾದರೂ ಒಂದಕ್ಕೂ ಅವಕಾಶ ಸಿಗುತ್ತದೆ. ಅಂದರೆ ಕಾಲಾಳಿಲ್ಲದೆ ದೈತ್ಯನಿಲ್ಲ. ನಮ್ಮ ಅಕ್ಷೌಹಿಣಿ ಲೆಕ್ಕ ಬಲ್ಲವರಿಗೆ ಇದು ಹೊಸದೆನಿಸದು: ಅದರ ಅತಿ ಚಿಕ್ಕ ಘಟಕವಾದ ಪತ್ತಿಯಲ್ಲಿ ಒಂದು ರಥ, ಒಂದು ಆನೆ, ಮೂರು ಕುದುರೆಗಳಿಗೆ ಐದು ಕಾಲಾಳುಗಳಿರುತ್ತಾರೆ.

ಬಿಲ್ಲುಗಾರರ ಪೆಟ್ಟಿಗೆ ಕೊಳ್ಳುವ ಮುನ್ನ ಒಂದು ಗುಣಾಕಾರ ಮಾಡಿ. ಹತ್ತು ಬಿಲ್ಲುಗಾರರು, ಆರು ಮುಖದ ದಾಳದಲ್ಲಿ 4 ಅಥವಾ ಹೆಚ್ಚು ಬಿದ್ದರೆ ಬಾಣ ತಾಗುತ್ತದೆ, ಮತ್ತೆ 4 ಅಥವಾ ಹೆಚ್ಚು ಬಿದ್ದರೆ ಗಾಯ, ಆಮೇಲೆ ಎದುರಾಳಿಯ ದಾಳದಲ್ಲಿ 5 ಅಥವಾ ಹೆಚ್ಚು ಬಿದ್ದರೆ ಕವಚ ಉಳಿಸುತ್ತದೆ ಎಂದಿಟ್ಟುಕೊಳ್ಳಿ. ಹತ್ತರಲ್ಲಿ ಅರ್ಧ ಐದು, ಅದರಲ್ಲಿ ಅರ್ಧ ಎರಡೂವರೆ, ಅದರಲ್ಲಿ ಮೂರನೆಯ ಒಂದು ಭಾಗವನ್ನು ಕವಚ ತಡೆದರೆ ಉಳಿಯುವುದು ಸುಮಾರು 1.7. ದೂರದ ಗುರಿಯೆಂದು ತಾಗಲು 5 ಬೇಕಾದರೆ ಅದು 1.1ಕ್ಕೆ ಇಳಿಯುತ್ತದೆ. ನಾಲ್ಕು ಸುತ್ತು ಬಾಣ ಬಿಟ್ಟರೂ ಬೀಳುವವರು ನಾಲ್ಕರಿಂದ ಏಳು ಮಂದಿ. ಇಪ್ಪತ್ತು ಜನರ ಅಗ್ಗದ ತುಕಡಿಯ ಎದುರು ಇದು ದೊಡ್ಡ ಸಾಧನೆಯಲ್ಲ. ಐದು ಜನ ಸವಾರರ ದುಬಾರಿ ತುಕಡಿಗೆ ಇದೇ ಮಾರಕ, ಆದರೆ ಅವರ ಕವಚ ಗಟ್ಟಿಯಾಗಿರುವುದರಿಂದ ಲೆಕ್ಕವನ್ನು ಮತ್ತೆ ಹಾಕಬೇಕು. ನಿಮ್ಮ ಆಟದ ಅಂಕಿಗಳನ್ನು ಇಟ್ಟು ಇದೇ ರೀತಿ ಲೆಕ್ಕ ಮಾಡಿದರೆ ಅರ್ಧ ಗೊಂದಲ ಕಳೆಯುತ್ತದೆ.

ಹಂತ 3: ರಟ್ಟಿನ ತುಕಡಿಯಿಂದ ಆಡಿ ನೋಡಿ

ಕೊಳ್ಳಬೇಕೆಂದಿರುವ ತುಕಡಿಯ ನಿಖರ ಅಳತೆಗೆ ರಟ್ಟು ಕತ್ತರಿಸಿ. 25 ಮಿ.ಮೀ. ಬೇಸ್‌ನ ಇಪ್ಪತ್ತು ಕಾಲಾಳುಗಳು ಐದು ಜನರ ನಾಲ್ಕು ಸಾಲಾಗಿ ನಿಂತರೆ 125×100 ಮಿ.ಮೀ.; ಐದು ಸವಾರರು ಒಂದೇ ಸಾಲಿನಲ್ಲಿ ನಿಂತರೆ 150×60 ಮಿ.ಮೀ. ಮೇಲೆ ತುಕಡಿಯ ಹೆಸರು, ಮುಂಬದಿಗೆ ಒಂದು ಬಾಣದ ಗುರುತು ಹಾಕಿ. ಹೀಗೆ ಬೇರೆ ವಸ್ತುವನ್ನು ತುಕಡಿಯ ಬದಲಿಗೆ ಇಡುವುದಕ್ಕೆ ‘ಪ್ರಾಕ್ಸಿ’ ಎನ್ನುತ್ತಾರೆ. ಸ್ನೇಹದ ಆಟದಲ್ಲಿ ಎದುರಾಳಿಗೆ ಮೊದಲೇ ತಿಳಿಸಿದರೆ ಯಾರೂ ಬೇಡವೆನ್ನುವುದಿಲ್ಲ. ಸ್ಪರ್ಧೆಗಳಲ್ಲಿ ಸಾಮಾನ್ಯವಾಗಿ ಒಪ್ಪುವುದಿಲ್ಲ.

ಒಂದೇ ಆಟ ಸಾಲದು. ಬೇರೆ ಬೇರೆ ಎದುರಾಳಿಗಳೊಡನೆ, ಬೇರೆ ಬೇರೆ ಅಡೆತಡೆಗಳಿರುವ ಮೇಜಿನ ಮೇಲೆ ಆಡಿ. ಅಗಲವಾದ ತುಕಡಿ ಎರಡು ಗುಡ್ಡಗಳ ನಡುವೆ ತಿರುಗಲಾರದೆ ಸಿಕ್ಕಿಕೊಳ್ಳುವುದು ರಟ್ಟಿನಲ್ಲೇ ಗೊತ್ತಾಗುತ್ತದೆ. ಇಲ್ಲಿ ಮುಂಬಯಿಯ ಮನೆಗಳ ಪ್ರಶ್ನೆಯೂ ಬರುತ್ತದೆ. ಓಲ್ಡ್ ವರ್ಲ್ಡ್‌ನ 2,000 ಪಾಯಿಂಟ್‌ಗಳ ಆಟಕ್ಕೆ 6×4 ಅಡಿಯ ಮೇಜು ರೂಢಿ. ಏಜ್ ಆಫ್ ಸಿಗ್ಮಾರ್‌ಗೆ 60×44 ಇಂಚು ಸಾಕು. ರೂನ್‌ವಾರ್ಸ್‌ನ 200 ಪಾಯಿಂಟ್‌ಗಳ ಆಟಕ್ಕೆ 6×3 ಅಡಿ. ಡೊಂಬಿವಲಿಯ ಒಂದು ಕೋಣೆಯ ಫ್ಲಾಟಿನಲ್ಲಿ ಊಟದ ಮೇಜಿನ ಮೇಲೆ ಆಡುವವರು ಯಾವಾಗಲೂ ಚಿಕ್ಕ ಪಾಯಿಂಟ್‌ಗಳ ಆಟವನ್ನೇ ಆಡುತ್ತಾರಾದರೆ, ದೊಡ್ಡ ಮೇಜಿನಲ್ಲಿ ಮಾತ್ರ ಬೆಲೆಯಿರುವ ವೇಗದ ಸವಾರರಿಗೆ ಹಣ ಸುರಿಯುವುದರಲ್ಲಿ ಅರ್ಥವಿಲ್ಲ. ಎರಡು 3×4 ಅಡಿಯ ಪ್ಲೈವುಡ್ ಹಲಗೆಗಳನ್ನು ಮಂಚದಡಿ ಇಟ್ಟುಕೊಂಡು ಬೇಕಾದಾಗ ಜೋಡಿಸುವುದು ಇದಕ್ಕೆ ಪರಿಹಾರ.

ಹಂತ 4: ಕೊಳ್ಳುವುದು ಮತ್ತು ಸುಂಕದ ಲೆಕ್ಕ

ದೇಶದೊಳಗಿನ ಅಂಗಡಿಯಲ್ಲಿ ಸಿಗುವ ಪೆಟ್ಟಿಗೆಯ ಬೆಲೆ ಹೊರದೇಶದ ಬೆಲೆಗಿಂತ ಹೆಚ್ಚಿರುವುದನ್ನು ಕಂಡು ಸಿಡಿಮಿಡಿಗೊಳ್ಳುವವರು ಮೊದಲು ಪೂರ್ತಿ ಲೆಕ್ಕ ಹಾಕಬೇಕು. ಆಟಿಕೆಗಳ ಮೇಲಿನ ಮೂಲ ಆಮದು ಸುಂಕವನ್ನು ಕೇಂದ್ರ ಸರ್ಕಾರ 2020ರಲ್ಲಿ ಶೇ. 20ರಿಂದ ಶೇ. 60ಕ್ಕೆ, 2023ರಲ್ಲಿ ಶೇ. 70ಕ್ಕೆ ಏರಿಸಿತು. ಆಮೇಲೂ ದರಗಳು ಬದಲಾಗುತ್ತಿರುವುದರಿಂದ ಮತ್ತು ನಿಮ್ಮ ಪೊಟ್ಟಣವನ್ನು ಯಾವ ವರ್ಗಕ್ಕೆ ಸೇರಿಸಬೇಕೆಂಬುದು ಸುಂಕಾಧಿಕಾರಿಯ ತೀರ್ಮಾನವಾದ್ದರಿಂದ, ಆರ್ಡರ್ ಮಾಡುವ ದಿನದ ದರವನ್ನೇ ನೋಡಿಕೊಳ್ಳಿ. ಹಲವರಿಗೆ ತಿಳಿಯದ ಸಂಗತಿ ಏನೆಂದರೆ, ಸುಂಕವನ್ನು ಪೆಟ್ಟಿಗೆಯ ಬೆಲೆಯ ಮೇಲಷ್ಟೇ ಅಲ್ಲ, ಸಾಗಣೆ ಮತ್ತು ವಿಮೆಯನ್ನೂ ಕೂಡಿಸಿದ ಮೊತ್ತದ ಮೇಲೆ ಹಾಕುತ್ತಾರೆ. ಐಜಿಎಸ್‌ಟಿ ತೆರಿಗೆಯನ್ನು ಆ ಸುಂಕವೂ ಸೇರಿದ ಮೊತ್ತದ ಮೇಲೆ ಲೆಕ್ಕ ಹಾಕುತ್ತಾರೆ. ಕೊರಿಯರ್ ಕಂಪನಿ ತನ್ನ ಸೇವಾಶುಲ್ಕವನ್ನು ಬೇರೆಯಾಗಿ ಕೇಳುತ್ತದೆ, ಗುರುತಿನ ದಾಖಲೆಯನ್ನೂ ಕೇಳುತ್ತದೆ. ಅಂಚೆಯಲ್ಲಿ ಬಂದ ಪೊಟ್ಟಣ ಮುಂಬಯಿಯವರಿಗೆ ಬಲ್ಲಾರ್ಡ್ ಎಸ್ಟೇಟಿನ ವಿದೇಶ ಅಂಚೆ ಕಚೇರಿಯ ಮೂಲಕ ಸಾಗುತ್ತದೆ. ಬಿಲ್ಲಿನ ಪ್ರತಿ ಕೈಯಲ್ಲಿರಲಿ.

ಎಚ್ಚರಿಕೆ: ‘ಉಡುಗೊರೆ ಎಂದು ಬರೆದು ಕಳಿಸಲು ಹೇಳಿದರೆ ಸುಂಕವಿಲ್ಲ’ ಎಂಬ ಮಾತು ಹಳೆಯದು. ರಾಖಿ, ಜೀವರಕ್ಷಕ ಔಷಧಗಳಂಥವನ್ನು ಬಿಟ್ಟರೆ ಆ ವಿನಾಯಿತಿ 2019ರ ಡಿಸೆಂಬರಿನಲ್ಲೇ ಹೋಯಿತು. ಕೊಲ್ಲಿ ದೇಶಗಳಿಂದ ರಜೆಗೆ ಬರುವ ಬಂಧುಗಳು ತಮ್ಮ ಸಾಮಾನಿನ ಜೊತೆ ತಂದರೆ ಪ್ರಯಾಣಿಕರಿಗಿರುವ ಸುಂಕರಹಿತ ಮಿತಿಯೊಳಗೆ ಬರುತ್ತದೆ. ಅದೇ ನೇರವಾದ ದಾರಿ. ಚಾಕು, ನಿಪ್ಪರ್‌ಗಳನ್ನು ಕೈಚೀಲದಲ್ಲಿ ಇಡದಿರಲು ಅವರಿಗೆ ಹೇಳಿ.

3ಡಿ ಮುದ್ರಣದ ಬಗ್ಗೆ ಎರಡು ಮಾತು. ರೆಸಿನ್ ಎಂಬ, ಗಟ್ಟಿಯಾಗುವ ದ್ರವದಿಂದ ಮಾಡುವ ಮುದ್ರಣದಲ್ಲಿ ಬೊಂಬೆಗಳು ಚೆನ್ನಾಗಿ ಮೂಡುತ್ತವೆ, ಅಗ್ಗವೂ ಹೌದು. ವಿನ್ಯಾಸಕಾರರಿಂದ ಹಣ ಕೊಟ್ಟು ಪಡೆದ ಕಡತ ಸಾಮಾನ್ಯವಾಗಿ ಸ್ವಂತ ಬಳಕೆಗೆ ಮಾತ್ರ. ಮುದ್ರಿಸಿ ಮಾರಲು ಬೇರೆ ಪರವಾನಗಿ ಬೇಕು. ಹಸಿ ರೆಸಿನ್ ಚರ್ಮಕ್ಕೆ ಹಾನಿಕರ, ವಾಸನೆಯೂ ಒಳ್ಳೆಯದಲ್ಲ. ಕಿಟಕಿ ತೆರೆಯಲಾಗದ ಮಲಗುವ ಕೋಣೆಯಲ್ಲಿ ಮುದ್ರಣಯಂತ್ರ ಇಡಬೇಡಿ, ತೊಳೆದ ದ್ರವವನ್ನು ಮೋರಿಗೆ ಸುರಿಯಬೇಡಿ.

ಹಂತ 5: ಜೋಡಣೆ

ಬಿಡಿಭಾಗಗಳು ಅಂಟಿಕೊಂಡಿರುವ ಪ್ಲಾಸ್ಟಿಕ್ ಚೌಕಟ್ಟಿಗೆ ‘ಸ್ಪ್ರೂ’ ಎನ್ನುತ್ತಾರೆ. ಭಾಗಗಳನ್ನು ತಿರುಚಿ ಕೀಳದೆ ನಿಪ್ಪರ್‌ನಿಂದ ತುಸು ದೂರಕ್ಕೆ ಕತ್ತರಿಸಿ, ಉಳಿದ ಮೊಳೆಯನ್ನು ಚಾಕುವಿನಿಂದ ತೆಗೆದು, ಅಚ್ಚಿನ ಗೆರೆಗಳನ್ನು ಅರದಿಂದ ಉಜ್ಜಿ. ಗಟ್ಟಿ ಪ್ಲಾಸ್ಟಿಕ್ ಬೊಂಬೆಗೆ ಪ್ಲಾಸ್ಟಿಕ್ ಸಿಮೆಂಟ್ ಬಳಸಿ. ಅದು ಎರಡು ಮೈಗಳನ್ನು ಕರಗಿಸಿ ಬೆಸೆಯುತ್ತದೆ. ರೆಸಿನ್, ಲೋಹಗಳಿಗೆ ಅದು ಹಿಡಿಯುವುದಿಲ್ಲ. ಅವಕ್ಕೆ ಫೆವಿಕ್ವಿಕ್‌ನಂಥ ಸೂಪರ್ ಗ್ಲೂ ಬೇಕು. ರೆಸಿನ್ ಬೊಂಬೆಯನ್ನು ಮೊದಲು ಪಾತ್ರೆ ತೊಳೆಯುವ ಸೋಪಿನಿಂದ ತೊಳೆಯಿರಿ, ಇಲ್ಲವಾದರೆ ಅಚ್ಚಿನ ಎಣ್ಣೆಯ ಮೇಲೆ ಬಣ್ಣ ನಿಲ್ಲುವುದಿಲ್ಲ. ಅದನ್ನು ಉಜ್ಜುವಾಗ ನೀರು ಮುಟ್ಟಿಸಿ ಉಜ್ಜಿ, ಮಾಸ್ಕ್ ಧರಿಸಿ. ಸೊಟ್ಟಗಾದ ಈಟಿಯನ್ನು ಬಿಸಿನೀರಿನಲ್ಲಿ ಅದ್ದಿ ನೆಟ್ಟಗೆ ಹಿಡಿದು ತಣ್ಣೀರಿಗೆ ಹಾಕಿದರೆ ಸರಿಹೋಗುತ್ತದೆ. ಸಣ್ಣ ಸಂದುಗಳಿಗೆ ಎಂ-ಸೀಲ್ ಸಾಕು.

ಸಾಲುಗಟ್ಟುವ ತುಕಡಿಯಲ್ಲಿ ದೊಡ್ಡ ತೊಡಕು ಭಂಗಿಯದ್ದು. ಒಬ್ಬೊಬ್ಬನನ್ನೇ ಚಂದವಾಗಿ ಜೋಡಿಸಿ ಕೊನೆಗೆ ಟ್ರೇಯಲ್ಲಿ ಇಟ್ಟಾಗ ಒಬ್ಬನ ಈಟಿ ಇನ್ನೊಬ್ಬನ ಬೆನ್ನಿಗೆ ಚುಚ್ಚಿ, ಬೇಸ್‌ಗಳು ಕೂಡುವುದೇ ಇಲ್ಲ. ಆದ್ದರಿಂದ ಮೊದಲು ಇಡೀ ತುಕಡಿಯನ್ನು ಅಂಟಿಲ್ಲದೆ ಬೇಸ್‌ಗಳ ಮೇಲೆ ನಿಲ್ಲಿಸಿ ನೋಡಿ. ಕೈ ಚಾಚಿದವರನ್ನು ಮುಂದಿನ ಸಾಲಿಗೂ ಅಂಚುಗಳಿಗೂ, ಮೈ ಕುಗ್ಗಿಸಿದವರನ್ನು ನಡುವಿಗೂ ಇಡಿ. ನಾಯಕ, ಧ್ವಜಧಾರಿ, ವಾದ್ಯಗಾರ ಮೂವರಿಗೂ ಮುಂದಿನ ಸಾಲಿನಲ್ಲಿ ಜಾಗ ಬೇಕು. ಹೊಂದಿಕೆಯಾದ ಮೇಲೆ ಪ್ರತಿ ಬೇಸ್‌ನ ಅಡಿಯಲ್ಲಿ ಸಾಲು ಮತ್ತು ಸ್ಥಾನದ ಸಂಖ್ಯೆಯನ್ನು ಬರೆದಿಡಿ.

ಹಂತ 6: ಬಣ್ಣ, ಅದರಲ್ಲೂ ಮಳೆಗಾಲದ ಬಣ್ಣ

ನಮ್ಮ ಕರಾವಳಿಯವರಿಗೆ ವಿದೇಶಿ ವೀಡಿಯೋಗಳ ಸಲಹೆ ಕೈಕೊಡುವುದು ಇಲ್ಲಿಯೇ. ಡಬ್ಬಿಯ ಸ್ಪ್ರೇ ಪ್ರೈಮರ್ ಒಣಹವೆಗೆ ಸರಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮುಂಬಯಿ, ಗೋವೆಗಳ ಗಾಳಿಯ ತೇವಾಂಶ ಶೇ. 80ನ್ನು ದಾಟುವುದು ಸಾಮಾನ್ಯ. ಆಗ ಸ್ಪ್ರೇ ಹೊಡೆದರೆ ಮೈಮೇಲೆ ಮರಳಿನಂಥ ತರಿ ಏಳುತ್ತದೆ, ಮ್ಯಾಟ್ ವಾರ್ನಿಷ್ ಬಿಳಿಚಿಕೊಂಡು ಮಂಜು ಕವಿದಂತಾಗುತ್ತದೆ. ಈ ತಿಂಗಳುಗಳಲ್ಲಿ ಕುಂಚದಿಂದ ಬಳಿಯುವ ಪ್ರೈಮರ್ ಮತ್ತು ವಾರ್ನಿಷ್ ಬಳಸಿ. ಸ್ಪ್ರೇಯೇ ಬೇಕೆನ್ನುವವರು ನವೆಂಬರಿನಿಂದ ಫೆಬ್ರವರಿಯೊಳಗೆ, ಇಬ್ಬನಿ ಆರಿದ ಮೇಲೆ, ವರಾಂಡದಲ್ಲಿ ಹೊಡೆಯಲಿ. ಪುಣೆಯವರಿಗೆ ಈ ಅವಧಿ ತುಸು ದೀರ್ಘ. ಹಾಳಾಗಿಬಿಟ್ಟರೆ ಏನು ಮಾಡಬೇಕೆಂದು ಕೇಳುವವರಿಗೆ: ಬಿಳಿಚಿದ ವಾರ್ನಿಷ್ ಮೇಲೆ ಕುಂಚದಿಂದ ಹೊಳಪಿನ ವಾರ್ನಿಷ್‌ನ ತೆಳು ಪದರ ಬಳಿದು, ಪೂರ್ತಿ ಒಣಗಿದ ಮೇಲೆ ಮ್ಯಾಟ್ ಬಳಿದರೆ ಹಲವು ಸಲ ತಿಳಿಯಾಗುತ್ತದೆ.

ಬಣ್ಣವನ್ನು ಹಾಲಿನ ಹದಕ್ಕೆ ತೆಳುಮಾಡಿ ಎರಡು ಪದರ ಹಾಕಿ; ದಪ್ಪ ಪದರ ಮುಖದ ಗೆರೆಗಳನ್ನು ಮುಚ್ಚಿಬಿಡುತ್ತದೆ. ಇಪ್ಪತ್ತು ಜನರಿದ್ದಾಗ ಒಬ್ಬನನ್ನು ಮುಗಿಸಿ ಇನ್ನೊಬ್ಬನಿಗೆ ಹೋಗುವುದಕ್ಕಿಂತ ಐದೈದು ಜನರನ್ನು ಸಾಲಾಗಿ ಇಟ್ಟುಕೊಂಡು ಎಲ್ಲರ ಅಂಗಿ, ಆಮೇಲೆ ಎಲ್ಲರ ತೊಗಲು, ಆಮೇಲೆ ಎಲ್ಲರ ಲೋಹ ಹೀಗೆ ಸಾಗುವುದು ಮೇಲು. ಅನಂತರ ‘ವಾಶ್’ ಎಂಬ ತೆಳು ಕಪ್ಪು ಅಥವಾ ಕಂದು ದ್ರವವನ್ನು ಬಳಿದರೆ ಅದು ಸಂದುಗಳಿಗೆ ಇಳಿದು ನೆರಳು ಮೂಡಿಸುತ್ತದೆ. ಒಂದು ಕೈಯಳತೆ ದೂರದಿಂದ ನೋಡುವ ತುಕಡಿಗೆ ಇಷ್ಟು ಸಾಕು. ಉಳಿದ ಶ್ರಮವನ್ನು ಮುಂದಿನ ಸಾಲಿನವರಿಗೂ ಧ್ವಜಕ್ಕೂ ಇಡಿ. ಮಾರುಕಟ್ಟೆಯ ಕರಕುಶಲ ಅಕ್ರಿಲಿಕ್‌ಗಳು ಬೇಸ್‌ಗೆ, ಗುಡ್ಡ ಮರಗಳಿಗೆ ಚೆನ್ನಾಗಿ ಒದಗುತ್ತವೆ. ಮುಖ, ಕೈಗಳಿಗೆ ಮಾತ್ರ ಸೂಕ್ಷ್ಮ ಪುಡಿಯ ಮಿನಿಯೇಚರ್ ಬಣ್ಣವನ್ನೇ ಕೊಳ್ಳಿ.

ಬೇಸ್‌ಗೆ ಫೆವಿಕಾಲ್ ಬಳಿದು ಮರಳು ಉದುರಿಸಿ. ಗೋವೆಯ ಕಡಲತೀರದ ಮರಳನ್ನು ತರುವವರು ಸಿಹಿನೀರಿನಲ್ಲಿ ಹಲವು ಬಾರಿ ತೊಳೆದು ಒಣಗಿಸಬೇಕು, ಇಲ್ಲವಾದರೆ ಉಪ್ಪು ತೇವವನ್ನು ಎಳೆದುಕೊಂಡು ಬಣ್ಣವನ್ನು ಎಬ್ಬಿಸುತ್ತದೆ. ಅಕ್ವೇರಿಯಂ ಅಂಗಡಿಯ ಸಣ್ಣ ಮರಳಾದರೆ ಕೆಲಸ ಹಗುರ. ಹಿಮ ತೋರಿಸಲು ಚಿರೋಟಿ ರವೆ ಅಂಟಿಸುವ ಉಪಾಯ ಖಂಡಿತ ಬೇಡ. ಮೊದಲ ಮಳೆಗೇ ಹುಳು ಹಿಡಿಯುತ್ತದೆ.

ಹಂತ 7: ಇಡುವುದು, ಒಯ್ಯುವುದು

ಪ್ರತಿ ಬೇಸ್‌ನ ಅಡಿಗೆ ಸಣ್ಣ ನಿಯೋಡಿಮಿಯಂ ಅಯಸ್ಕಾಂತ ಅಂಟಿಸಿ, ಟ್ರೇಗೂ ಪ್ಲಾಸ್ಟಿಕ್ ಡಬ್ಬಿಯ ತಳಕ್ಕೂ ತೆಳು ಜಿಐ ಶೀಟ್ (ಸತು ಲೇಪಿಸಿದ ಕಬ್ಬಿಣದ ತಗಡು) ಹಾಕಿದರೆ ತುಕಡಿ ಅಲುಗದೆ ಕೂರುತ್ತದೆ. ಸ್ಟೇನ್‌ಲೆಸ್ ಸ್ಟೀಲ್ ತಟ್ಟೆ ತರುವ ಮುನ್ನ ಅಂಗಡಿಯಲ್ಲೇ ಅಯಸ್ಕಾಂತ ಮುಟ್ಟಿಸಿ ನೋಡಿ, ಕೆಲವು ಬಗೆಯ ಸ್ಟೀಲಿಗೆ ಅದು ಹಿಡಿಯುವುದಿಲ್ಲ. ಎಲ್ಲ ಅಯಸ್ಕಾಂತಗಳ ಒಂದೇ ಧ್ರುವ ಕೆಳಮುಖವಾಗಿರಲಿ, ಇಲ್ಲವಾದರೆ ಪಕ್ಕದವರು ಒಬ್ಬರನ್ನೊಬ್ಬರು ಎಳೆದಾಡುತ್ತಾರೆ. ಪುಟ್ಟ ಮಕ್ಕಳಿರುವ ಮನೆಯಲ್ಲಿ ಬಿಡಿ ಅಯಸ್ಕಾಂತಗಳನ್ನು ಬೀಗದೊಳಗೆ ಇಡಿ, ಒಂದಕ್ಕಿಂತ ಹೆಚ್ಚು ನುಂಗಿದರೆ ಕರುಳಿಗೆ ಅಪಾಯ. ಲೋಕಲ್ ರೈಲಿನಲ್ಲಿ ಒಯ್ಯುವವರು ಡಬ್ಬಿಯನ್ನು ಮೇಲಿನ ರ‍್ಯಾಕಿನಲ್ಲಿ ಇಡದೆ ಮಡಿಲಲ್ಲೇ ಇಟ್ಟುಕೊಳ್ಳಿ, ಜನಸಂದಣಿಯ ಹೊತ್ತನ್ನು ತಪ್ಪಿಸಿ. ಮೇ ತಿಂಗಳಲ್ಲಿ ನಿಲ್ಲಿಸಿದ ಕಾರಿನೊಳಗೆ ರೆಸಿನ್ ಬೊಂಬೆಗಳನ್ನು ಬಿಟ್ಟು ಹೋದರೆ ಈಟಿ, ಕತ್ತಿಗಳೆಲ್ಲ ಬಾಗಿರುತ್ತವೆ.

ಹಂತ 8: ಪಟ್ಟಿಗೆ ಸೇರಿಸುವುದು

ಹೊಸ ತುಕಡಿ ಬಂದಾಗ ಪಟ್ಟಿಯ ಒಟ್ಟು ಪಾಯಿಂಟ್ ಏರುವುದಿಲ್ಲ, ಹಳೆಯದೊಂದು ಹೊರಗೆ ಹೋಗಬೇಕಾಗುತ್ತದೆ. ಯಾವುದನ್ನು ಬಿಡುತ್ತೀರಿ ಎಂಬುದನ್ನು ಆಟದ ಹಿಂದಿನ ದಿನವೇ ತೀರ್ಮಾನಿಸಿ, ಎದುರಾಳಿಗೆ ಪಟ್ಟಿ ಕಳಿಸಿ. ಹೊಸ ತುಕಡಿಯ ವಿಶೇಷ ನಿಯಮಗಳನ್ನು ಒಂದು ಚೀಟಿಯಲ್ಲಿ ಕನ್ನಡದಲ್ಲೇ ಬರೆದು ಟ್ರೇ ಪಕ್ಕ ಇಟ್ಟುಕೊಂಡರೆ ಪ್ರತಿ ಸುತ್ತಿಗೂ ಪುಸ್ತಕ ತಿರುವುವುದು ತಪ್ಪುತ್ತದೆ. ಹಂತ 2ರಲ್ಲಿ ಬರೆದ ಸೋಲಿನ ಹಾಳೆಯನ್ನು ಎಸೆಯಬೇಡಿ; ಮುಂದಿನ ಕೆಲವು ಆಟಗಳ ಫಲಿತಾಂಶವನ್ನೂ ಅದರಲ್ಲೇ ಬರೆಯುತ್ತ ಹೋಗಿ, ಮುಂದಿನ ಪೆಟ್ಟಿಗೆಯ ಯೋಚನೆ ಬಂದಾಗ ಮತ್ತೆ ರಟ್ಟು, ಕತ್ತರಿ ತೆಗೆಯಿರಿ.